ಇಲಿಯ ಕೊಲೆಸ್ಟ್ರಾಲ್ ಇಳಿದರೆ ನಮಗೇನು?

‘ಟೌರಿನ್ ತಗೊಂಡ್ರೆ ಕೊಲೆಸ್ಟ್ರಾಲ್ ಇಳಿಯುತ್ತದೆ, ಅದು ಆಂಟಿಆಕ್ಸಿಡೆಂಟ್ ಕೂಡ, ಪ್ರಯೋಗದಲ್ಲಿ ಸಾಬೀತಾಗಿದೆ’ ಎನ್ನುವ ಪೋಸ್ಟುಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಟೌರಿನ್ ಅಂದರೆ ಮಾಂಸ, ಮೀನಿನಲ್ಲಿರುವ ಒಂದು ಬಗೆಯ ಅಮೈನೋ ಆಸಿಡ್. ಪ್ರಯೋಗ ನಡೆದದ್ದು ನಿಜ. ಇಳಿದದ್ದು ಇಲಿಗೆ ಅನ್ನೋದನ್ನ ಮಾತ್ರ ಯಾರೂ ಹೇಳುವುದಿಲ್ಲ.

ಲಿವರ್ ಕೊಲೆಸ್ಟ್ರಾಲನ್ನು ಪಿತ್ತದ ಆಮ್ಲವಾಗಿ ಮಾಡಿ ಕರುಳಿಗೆ ಕಳಿಸುತ್ತದೆ. ಕಳಿಸುವ ಮುಂಚೆ ಅದಕ್ಕೆ ಟೌರಿನ್ ಅಥವಾ ಗ್ಲೈಸಿನ್ ಎಂಬ ಇನ್ನೊಂದು ಅಮೈನೋ ಆಸಿಡ್ ಜೋಡಿಸುತ್ತದೆ. ಇಲಿ ಹೆಚ್ಚಾಗಿ ಟೌರಿನ್ನನ್ನೇ ಬಳಸುತ್ತದೆ. ಅದರ ಆಹಾರಕ್ಕೆ ಟೌರಿನ್ ಬೆರೆಸಿದರೆ ಪಿತ್ತದ ಆಮ್ಲ ತಯಾರಿಸುವ ಕಿಣ್ವ ಚುರುಕಾಗುತ್ತದೆ, ಕೊಲೆಸ್ಟ್ರಾಲ್ ಜಾಸ್ತಿ ಖರ್ಚಾಗುತ್ತದೆ. ಮನುಷ್ಯರಲ್ಲಿ ಗ್ಲೈಸಿನ್‌ದೇ ಮೇಲುಗೈ, ಸುಮಾರು 3ಕ್ಕೆ 1ರ ಲೆಕ್ಕದಲ್ಲಿ.

ಇನ್ನೂ ಇದೆ. ಇಲಿಯ ಕೊಲೆಸ್ಟ್ರಾಲ್ ಬಹುಪಾಲು ‘ಒಳ್ಳೆಯದು’ ಎನ್ನುವ ಎಚ್‌ಡಿಎಲ್‌ನಲ್ಲೇ ಇರುತ್ತದೆ. ನಮ್ಮಲ್ಲಿ ಜಾಸ್ತಿ ಇರುವುದು ‘ಕೆಟ್ಟದ್ದು’ ಎನ್ನುವ ಎಲ್‌ಡಿಎಲ್. ಇಲಿಗೆ ಪಿತ್ತಕೋಶವೂ ಇಲ್ಲ! ಸುಮ್ನೆ ತಿನ್ನಿಸಿದರೆ ಅದರ ಕೊಲೆಸ್ಟ್ರಾಲ್ ಸುಲಭಕ್ಕೆ ಏರುವುದೂ ಇಲ್ಲ. ಅದಕ್ಕೇ ಎಷ್ಟೋ ಪ್ರಯೋಗಗಳಲ್ಲಿ ಕೊಲೆಸ್ಟ್ರಾಲ್ ಜೊತೆಗೆ ಕೋಲಿಕ್ ಆಮ್ಲ ಎಂಬ ಪಿತ್ತದ ಆಮ್ಲವನ್ನೂ ತಿನ್ನಿಸಿ ಏರಿಸುತ್ತಾರೆ, ಆಮೇಲೆ ಇಳಿಸಿ ತೋರಿಸುತ್ತಾರೆ.

ಯಾವ ಪ್ರಾಣಿ ಎನ್ನುವುದರ ಮೇಲೆ ಉತ್ತರವೇ ಬದಲಾಗುತ್ತದೆ. 1908ರಲ್ಲಿ ರಷ್ಯಾದ ವೈದ್ಯ ಇಗ್ನಾಟೊವ್‌ಸ್ಕಿ ಮೊಲಗಳಿಗೆ ಮಾಂಸ, ಮೊಟ್ಟೆ, ಹಾಲು ತಿನ್ನಿಸಿದ. ರಕ್ತನಾಳ ಕೆಟ್ಟವು. ಅವನು ಪ್ರೋಟೀನನ್ನು ದೂರಿದ. 1913ರಲ್ಲಿ ರಷ್ಯಾದವನೇ ಆದ ವಿಜ್ಞಾನಿ ಅನಿಚ್‌ಕೋವ್ ಬರೀ ಕೊಲೆಸ್ಟ್ರಾಲನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ಮೊಲಗಳಿಗೆ ಕೊಟ್ಟು ಅದೇ ಹಾನಿ ತೋರಿಸಿದ. ಅದೇ ಕೆಲಸ ಇಲಿಯಲ್ಲಿ ಮಾಡಿದ್ದರೆ ಹೆಚ್ಚೇನೂ ಕಾಣುತ್ತಿರಲಿಲ್ಲ.

ಆಂಟಿಆಕ್ಸಿಡೆಂಟ್ ಮಾತಂತೂ ಬೇಡ. ಸಿಸ್ಟೀನ್, ಗ್ಲೈಸಿನ್, ಗ್ಲುಟಮೇಟ್ ಸೇರಿ ದೇಹದಲ್ಲಿ ಗ್ಲುಟಥಯೋನ್ ಎಂಬ ಆಂಟಿಆಕ್ಸಿಡೆಂಟ್ ಆಗುತ್ತದೆ, ಅದು ಒಳ್ಳೆಯದೇ. ಕೊಬ್ಬು ತುಂಬಿ ಸುಸ್ತಾದ ಇಲಿಯ ಲಿವರ್‌ನಲ್ಲಿ ಇದರ ಅಳತೆ ಸುಧಾರಿಸಬಹುದು. ಆದರೆ ಲ್ಯಾಬಿನ ಅಳತೆ ಸುಧಾರಿಸಿದ ಮಾತ್ರಕ್ಕೆ ಕಾಯಿಲೆ ತಪ್ಪುತ್ತದೆಯೇ? ಬೇರೆ ಆಂಟಿಆಕ್ಸಿಡೆಂಟ್‌ಗಳ ಕಥೆ ನೋಡಿ. 2000ದಲ್ಲಿ ಬಂದ ಹೋಪ್ ಎಂಬ ಹೃದ್ರೋಗದ ಅಧ್ಯಯನದಲ್ಲಿ 9 ಸಾವಿರಕ್ಕೂ ಹೆಚ್ಚು ಜನ ಇದ್ದರು. ವಿಟಮಿನ್ ಇ ತಗೊಂಡವರಿಗೆ ಹಾರ್ಟ್ ಅಟ್ಯಾಕ್ ಕಡಿಮೆ ಆಗಲಿಲ್ಲ. ಫಿನ್ಲೆಂಡಿನ ಧೂಮಪಾನಿಗಳಿಗೆ ಬೀಟಾ ಕ್ಯಾರೊಟಿನ್ ಕೊಟ್ಟಾಗ ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿಯೇ ಆಯಿತು, 1994ರಲ್ಲಿ.

ಇನ್ನು ಅಮೈನೋ ಆಸಿಡ್ ಅಂದರೆ ಎಲ್ಲವೂ ಒಂದೇ ಜಾತಿ ಅಂದುಕೊಳ್ಳೋದು ಇನ್ನೊಂದು ತಪ್ಪು. ಮೆಥಿಯೊನಿನ್ ಎಂಬ ಅಮೈನೋ ಆಸಿಡ್ ಅತಿಯಾದರೆ ರಕ್ತದಲ್ಲಿ ಹೋಮೋಸಿಸ್ಟೀನ್ ಏರುತ್ತದೆ, ಹೃದ್ರೋಗದ ಅಪಾಯದ ಜೊತೆ ತಳುಕು ಹಾಕಿಕೊಂಡಿರುವ ವಸ್ತು ಅದು.

ಪ್ರಮಾಣದ ಲೆಕ್ಕವನ್ನೂ ನೋಡಿ. ಆಹಾರದಲ್ಲಿ 1% ಟೌರಿನ್ ಅಂದರೆ 300 ಗ್ರಾಂ ಇಲಿ ದಿನಕ್ಕೆ 20 ಗ್ರಾಂ ತಿಂದರೆ 0.2 ಗ್ರಾಂ. ಇದನ್ನು ತೂಕದ ಲೆಕ್ಕದಲ್ಲಿ ನೇರ ಹಿಗ್ಗಿಸಿದರೆ 60 ಕೆಜಿ ಮನುಷ್ಯನಿಗೆ 40 ಗ್ರಾಂ ಬರುತ್ತದೆ. ದೇಹದ ಮೇಲ್ಮೈ ಆಧರಿಸಿದ ರೂಢಿಯ ಲೆಕ್ಕದಂತೆ 6.2ರಿಂದ ಭಾಗಿಸಿದರೆ ಆರೂವರೆ ಗ್ರಾಂ ಆಸುಪಾಸು. ಈ ಎರಡು ಉತ್ತರಗಳ ನಡುವೆ ಎಷ್ಟು ಅಂತರ ಅಲ್ವಾ?

ಟೌರಿನ್ ನಿಜಕ್ಕೂ ಬೇಕೇ ಬೇಕಾದ ಪ್ರಾಣಿ ಬೆಕ್ಕು. ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು, ಪಿತ್ತಕ್ಕೆ ಗ್ಲೈಸಿನ್ ಬಳಸಲೂ ಬರದು. ಟೌರಿನ್ ಕೊರತೆಯಿಂದ ಬೆಕ್ಕುಗಳ ಹೃದಯ ಹಿಗ್ಗಿ ದುರ್ಬಲವಾಗುತ್ತದೆ ಎಂದು 1987ರಲ್ಲಿ ಗೊತ್ತಾಯಿತು. ಟೌರಿನ್ ಕೊಟ್ಟಾಗ ಎಷ್ಟೋ ಬೆಕ್ಕುಗಳು ಚೇತರಿಸಿಕೊಂಡವು.