4ಕೆ ಲೆಕ್ಕ ಅಲ್ಟ್ರಾವೈಡ್‌ಗೆ ಹಾಕ್ಬೇಡಿ

34 ಇಂಚಿನ ಅಲ್ಟ್ರಾವೈಡ್ (ಮಾಮೂಲಿಗಿಂತ ಅಗಲವಾದ) ಕರ್ವ್ಡ್ ಮಾನಿಟರ್‌ಗೆ 4ಕೆ ಗೇಮಿಂಗ್‌ಗೆ ಬೇಕಾಗೋ ಗ್ರಾಫಿಕ್ಸ್ ಕಾರ್ಡೇ ಬೇಕು ಅಂತ ನಿಮ್ಮ ಲೇಖನದಲ್ಲಿ ಬರ್ದಿದೀರಲ್ಲ, ಅದನ್ನ ನಾನು ಒಪ್ಪಲ್ಲ ಸರ್. ಅದರಲ್ಲಿರೋ 3440x1440 ಅಂದ್ರೆ ಸುಮಾರು 49.5 ಲಕ್ಷ ಪಿಕ್ಸೆಲ್, 4ಕೆ (3840x2160) ಅಂದ್ರೆ ಹತ್ರಹತ್ರ 83 ಲಕ್ಷ, ಎಲ್ಲಿಂದೆಲ್ಲಿಗೆ? ಮಾಮೂಲಿ 2560x1440ಕ್ಕಿಂತ ಮೂರನೇ ಒಂದು ಭಾಗ ಜಾಸ್ತಿ ಕೆಲ್ಸ ಅಷ್ಟೇ, ಹಾಗಾಗಿ 12 ಜಿಬಿ ಮೆಮೊರಿ ಇರೋ ಮಧ್ಯಮ ದರ್ಜೆ ಕಾರ್ಡ್ ಹೆಚ್ಚಿನ ಗೇಮ್‌ಗಳಿಗೆ ಸಾಕಾಗತ್ತೆ, ತೀರಾ ಭಾರದ ಗೇಮಲ್ಲಿ ಸೆಟ್ಟಿಂಗ್ ಸ್ವಲ್ಪ ಇಳಿಸಿ ಡಿಎಲ್‌ಎಸ್‌ಎಸ್ ಅಥವಾ ಎಫ್‌ಎಸ್‌ಆರ್ (ಕಮ್ಮಿ ಪಿಕ್ಸೆಲಲ್ಲಿ ಚಿತ್ರ ಮಾಡಿ ಪರದೆಗೆ ತಕ್ಕಂತೆ ಹಿಗ್ಗಿಸೋ ಸೌಲಭ್ಯ) ಆನ್ ಮಾಡ್ಕೊಂಡ್ರೆ ಆಯ್ತು. ಆದ್ರೆ 49 ಇಂಚಿನ 5120x1440 ಆಸೆ ಇದ್ರೆ ಮಾತೇ ಬೇರೆ, ಅದು ಸುಮಾರು 74 ಲಕ್ಷ ಪಿಕ್ಸೆಲ್, ಅಲ್ಲಿ ನೀವು ಹೇಳಿದ್ದು ಸರಿ.

ಇನ್ನೊಂದು ವಿಷ್ಯ, ಕೇಬಲ್ ಬಗ್ಗೆ ನೀವು ಏನೂ ಬರ್ದಿಲ್ಲ. ನಾನು 144 ಹರ್ಟ್ಜ್ (ಅಂದ್ರೆ ಸೆಕೆಂಡಿಗೆ 144 ಸಲ ಚಿತ್ರ ಬದಲಾಗೋ) ಮಾನಿಟರ್ ತಂದು ಹಳೇ ಎಚ್‌ಡಿಎಮ್‌ಐ 2.0 ಪೋರ್ಟಿಗೆ ಹಾಕಿ, 100ರ ಮೇಲೆ ಹೋಗ್ತಾನೇ ಇಲ್ವಲ್ಲ ಅಂತ ಎರಡು ದಿನ ಒದ್ದಾಡಿದೀನಿ, ಕೊನೆಗೆ ಡಿಸ್‌ಪ್ಲೇಪೋರ್ಟ್ 1.4 ಹಾಕಿ ವಿಂಡೋಸ್ ಸೆಟ್ಟಿಂಗಲ್ಲಿ ರಿಫ್ರೆಶ್ ರೇಟ್ ಕೈಯಾರೆ ಬದಲಾಯಿಸಿದ್ಮೇಲೇ ಸರಿಹೋಗಿದ್ದು.

ಕರ್ವ್ ವಿಷ್ಯದಲ್ಲಿ 1000ಆರ್ ಅಂದ್ರೆ 1 ಮೀಟರ್ ತ್ರಿಜ್ಯದ ಬಾಗು, 1800ಆರ್ ಅಂದ್ರೆ 1.8 ಮೀಟರ್, ಅಂದ್ರೆ ಸಂಖ್ಯೆ ಕಮ್ಮಿ ಆದಷ್ಟೂ ಬಾಗು ಜಾಸ್ತಿ. ಡ್ರಾಯಿಂಗ್, ಡಿಸೈನ್ ಕೆಲ್ಸ ಮಾಡೋರು 1000ಆರ್ ತಗೊಳ್ಳೋ ಮುಂಚೆ ಒಂದ್ಸಲ ಎದುರಿಗೆ ಕೂತು ನೋಡಿ, ನೇರ ಗೆರೆನೂ ಡೊಂಕಾಗಿ ಕಾಣತ್ತೆ. ಮತ್ತೆ 34 ಇಂಚಲ್ಲಿ 2560x1080 ಮಾತ್ರ ದಯವಿಟ್ಟು ತಗೋಬೇಡಿ, ಅಕ್ಷರ ಒಡೆದ ಹಾಗೆ ಕಾಣತ್ತೆ, ದಿನವಿಡೀ ಓದೋ ಕಣ್ಣಿಗೆ ಹಿಂಸೆ.