ದೀಪ ಹಚ್ಚಿ ಹಾಡು ಕೇಳುವವರು

ಹೆಡ್‌ಫೋನ್ ಹುಚ್ಚಿನ ಗೆಳೆಯರೊಬ್ಬರ ಮನೆಗೆ ಹೋದರೆ ಮೊದಲೆಲ್ಲ ಕಾಫಿ ಕೊಡುತ್ತಿದ್ದರು. ಈಗ ಹೆಡ್‌ಫೋನ್ ಕೊಡುತ್ತಾರೆ. ಅದೂ ತಕ್ಷಣ ಅಲ್ಲ. ಹೆಡ್‌ಫೋನಿಗೆ ಬಲ ತುಂಬುವ ಟ್ಯೂಬ್ ಆಂಪ್ಲಿಫೈಯರನ್ನು, ಅಂದರೆ ಟ್ಯೂಬ್ ಆಂಪನ್ನು, ಆನ್ ಮಾಡಿ, "ಅರ್ಧ ಗಂಟೆ ಕೂತ್ಕೊಳ್ಳಿ, ಬಿಸಿಯಾಗ್ಲಿ" ಎನ್ನುತ್ತಾರೆ. ಅಷ್ಟರಲ್ಲಿ ಎರಡು ಒಬ್ಬೆ ಇಡ್ಲಿ ಬೇಯುತ್ತದೆ. ಟ್ಯೂಬನ್ನು ಮುಟ್ಟುವ ಹಾಗಿಲ್ಲ. ಕೈ ಸುಡುತ್ತದೆ ಎಂದು ಹೇಳುತ್ತಾರೆ. ಮಡಿ ಕೆಡುತ್ತದೆ ಎನ್ನುವುದು ನನ್ನ ಅನುಮಾನ.

ಟ್ಯೂಬ್ ಎಂದರೆ ಬೇರೇನಲ್ಲ, ಅಜ್ಜನ ರೇಡಿಯೋದಲ್ಲಿದ್ದ ವಾಲ್ವ್, ಬಿಸಿಯಾದರಷ್ಟೇ ಕೆಲಸ ಮಾಡುವ ಗಾಜಿನ ಬುರುಡೆ. ವಾರ್ತೆ ತಪ್ಪಬಾರದು ಎಂದು ಅಜ್ಜ ಮೊದಲೇ ಸ್ವಿಚ್ ಹಾಕಿ ಕಾಯುತ್ತಿದ್ದ. ಅವನಿಗೆ ಅದೊಂದು ಕಾಟ. 1947ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ, ಬಿಸಿಯಾಗದೆಯೇ ಅದೇ ಕೆಲಸ ಮಾಡುವ ಟ್ರಾನ್ಸಿಸ್ಟರ್ ನಮ್ಮ ಮನೆಗೂ ಬಂದ ದಿನ ಆ ರೇಡಿಯೋ ಅಟ್ಟ ಸೇರಿತು. ಈಗ ಮೊಮ್ಮಕ್ಕಳು ದುಡ್ಡು ಕೊಟ್ಟು ಆ ಕಾಟವನ್ನು ಕೆಳಗಿಳಿಸುತ್ತಿದ್ದಾರೆ. ನಮ್ಮ ಜಾಲಹಳ್ಳಿಯ ಬಿಇಎಲ್ 1961ರಲ್ಲಿ ವಾಲ್ವ್ ತಯಾರಿಸಲು ಶುರು ಮಾಡಿತ್ತು. ರಿಪೇರಿಯವರ ಡಬ್ಬದಲ್ಲಿ ಉರುಳಾಡುತ್ತಿದ್ದ ಆ ವಾಲ್ವ್‌ಗಳನ್ನು ಇವತ್ತು ಆನ್‌ಲೈನಿನಲ್ಲಿ ಹುಡುಕಿ ಕೊಳ್ಳುವವರಿದ್ದಾರೆ. ಒಂದನ್ನು ಕಿತ್ತು ಇನ್ನೊಂದನ್ನು ಸಿಕ್ಕಿಸಿ ನೋಡುವುದಕ್ಕೆ ಟ್ಯೂಬ್ ರೋಲಿಂಗ್ ಎಂದು ಹೆಸರು. ಇಂಗ್ಲೆಂಡಿನ ಮುಲ್ಲಾರ್ಡ್ ಕಂಪನಿಯ ಟ್ಯೂಬ್ ಹಾಕಿದರೆ ದನಿಗೆ ಬೆಲ್ಲ ಬೆರೆಸಿದ ಹಾಗಂತೆ. ಜರ್ಮನಿಯ ಟೆಲಿಫಂಕನ್ ಹಾಕಿದರೆ ಬಟ್ಟೆಯಲ್ಲಿ ಸೋಸಿದ ಹಾಗಂತೆ. ನನಗೆ ಎರಡರಲ್ಲೂ ಹಾಡೇ ಕೇಳಿಸಿತು. ಇನ್ನೂ ಪಕ್ವವಾಗಿಲ್ಲ ನಾನು.

ಇದೆಲ್ಲ ಬಡವರ ಮನೆ ಪೂಜೆ. ಸೆನ್‌ಹೈಸರ್ ಕಂಪನಿಯ ಎಚ್‌ಇ 1 ಎಂಬ ಹೆಡ್‌ಫೋನ್, ಆಂಪ್ ಜೋಡಿ ನೋಡಬೇಕು. ಮೊದಲು ಬಂದಾಗ ಬೆಲೆ ಸುಮಾರು 50,000 ಯೂರೋ ಇತ್ತು. ಇಟಲಿಯ ಕರಾರಾ ಅಮೃತಶಿಲೆಯ ಪೀಠ. ಆನ್ ಮಾಡಿದರೆ 8 ಟ್ಯೂಬ್‌ಗಳು ಪೀಠದೊಳಗಿಂದ ಮೆಲ್ಲಗೆ ಮೇಲೇಳುತ್ತವೆ. ಮಂಗಳಾರತಿ ಒಂದು ಕಮ್ಮಿ. ಆದರೆ ಕೊನೇ ಹಂತದಲ್ಲಿ ಹೆಡ್‌ಫೋನನ್ನು ದುಡಿಸುವ ಟ್ರಾನ್ಸಿಸ್ಟರ್‌ಗಳು ಕಿವಿಯ ಬಟ್ಟಲಲ್ಲಿ ಅಡಗಿ ಕೂತಿವೆ. ಬೆವರು ಒಳಗಿನವರದ್ದು, ಮೆರವಣಿಗೆ ಉತ್ಸವಮೂರ್ತಿಯದ್ದು. ಅಗ್ಗದ ಎಷ್ಟೋ ಆಂಪ್‌ಗಳಲ್ಲಿ ಇಷ್ಟೂ ಇಲ್ಲ. ಟ್ಯೂಬಿನ ಬುಡದಲ್ಲಿ ಕಿತ್ತಳೆ ಬಣ್ಣದ ಎಲ್‌ಇಡಿ ಇಟ್ಟಿರುತ್ತಾರೆ. ಟ್ಯೂಬ್ ತಾನಾಗಿ ಅಷ್ಟು ಬೆಳಗುವುದಿಲ್ಲ, ಪಾಪ.

ಎದುರು ಪಂಥದವರು ಸಾಲಿಡ್ ಸ್ಟೇಟ್‌ನವರು, ಅಂದರೆ ಟ್ರಾನ್ಸಿಸ್ಟರ್ ಆಂಪಿನವರು. ಇವರು ಹಾಡು ಕೇಳುವುದಿಲ್ಲ, ಗ್ರಾಫ್ ನೋಡುತ್ತಾರೆ. ಡಿಸ್ಟಾರ್ಷನ್, ಅಂದರೆ ದನಿ ಕೆಡುವ ಪ್ರಮಾಣ, 0.0003 ಪರ್ಸೆಂಟ್ ಇದ್ದ ಆಂಪ್ ಮಾರಿ 0.0001 ಇರುವುದನ್ನು ತರುತ್ತಾರೆ. ಈ ವ್ಯತ್ಯಾಸ ಬಾವಲಿಗೂ ತಿಳಿಯದು. ಇವರಿಗೆ ಮಾತ್ರ ರಾತ್ರಿ ನಿದ್ದೆ ಬರುತ್ತದೆ, ಅದು ಲಾಭ.

ಇನ್ನು ಟ್ಯೂಬಿನ ಆ 'ವಾರ್ಮ್' ದನಿ. ಸುಳ್ಳಲ್ಲ, ಇದೆ. ಟ್ಯೂಬ್ ಮೂಲದಲ್ಲಿ ಇಲ್ಲದ ಸೆಕೆಂಡ್ ಹಾರ್ಮೋನಿಕ್ಕನ್ನು ಸ್ವಲ್ಪ ಸೇರಿಸುತ್ತದೆ. ಅದು ಒಂದು ಸ್ಥಾಯಿ ಮೇಲಿನ ಅದೇ ಸ್ವರ, ಹಾಗಾಗಿ ಕಿವಿಗೆ ಹಿತ. ಇನ್ನೊಂದು ಕೈಚಳಕವೂ ಇದೆ. ಟ್ರಾನ್ಸ್‌ಫಾರ್ಮರ್ ಔಟ್‌ಪುಟ್ಟಿನಲ್ಲಿ ಇಲ್ಲದ ಟ್ಯೂಬ್ ಆಂಪ್‌ಗಳ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಅವು ವಿದ್ಯುತ್ತಿಗೆ ಒಡ್ಡುವ ತಡೆ, ಜಾಸ್ತಿ. 100 ಓಂ ಎಂದಿಟ್ಟುಕೊಳ್ಳಿ. ಹೆಡ್‌ಫೋನ್ ಮೇಲೆ 300 ಓಂ ಎಂದು ಬರೆದಿದ್ದರೂ, ಬೇಸ್ ಬರುವ ಜಾಗದಲ್ಲಿ ಅದು 500ರವರೆಗೆ ಏರಬಹುದು. ವೋಲ್ಟೇಜ್ ಆಂಪಿನ ತಡೆಗೂ ಹೆಡ್‌ಫೋನಿನ ತಡೆಗೂ ಹಂಚಿಹೋಗುವಾಗ ಹೆಡ್‌ಫೋನಿನ ಪಾಲು ಅಲ್ಲಿ ಹೆಚ್ಚಾಗಿ, ಬೇಸ್ ಸುಮಾರು 1 ಡೆಸಿಬೆಲ್ ಉಬ್ಬುತ್ತದೆ. ಆತ್ಮ, ಭಾವ, ಪ್ರಾಣ ಎಂದು ಗೆಳೆಯರು ಕಣ್ಣು ಮುಚ್ಚಿ ಹೊಗಳುವುದರಲ್ಲಿ ದೊಡ್ಡ ಪಾಲು ಈ ಭಾಗಾಕಾರದ ಲೆಕ್ಕ.

ಸ್ಪೀಕರ್ ಲೋಕದಲ್ಲಿ ಈ ಗುಟ್ಟು 1985ರಲ್ಲೇ ರಟ್ಟಾಗಿತ್ತು. ಅಮೆರಿಕದ ಆಂಪ್ ತಯಾರಕ ಬಾಬ್ ಕಾರ್ವರ್ 'ಸ್ಟೀರಿಯೋಫೈಲ್' ಪತ್ರಿಕೆಗೆ ಸವಾಲು ಹಾಕಿದ. ನೀವು ಮೆಚ್ಚುವ ದುಬಾರಿ ಆಂಪ್ ಕೊಡಿ, ನನ್ನ ಟ್ರಾನ್ಸಿಸ್ಟರ್ ಆಂಪ್ ಅದರಂತೆಯೇ ಹಾಡುವ ಹಾಗೆ ಮಾಡುತ್ತೇನೆ ಎಂದ. ಅವರು ಟ್ಯೂಬ್ ಆಂಪ್ ಕೊಟ್ಟರು. ಹೋಟೆಲ್ ರೂಮಿನಲ್ಲಿ ಕೂತು ರಿಪೇರಿಯವನ ಹಾಗೆ ಬೆಸುಗೆ ಹಾಕಿ, ತಿದ್ದಿ ಮುಗಿಸಿದ. ಸಂಪಾದಕರು ಎಷ್ಟು ಕೇಳಿದರೂ ಯಾವುದು ಯಾವುದೆಂದು ಗೊತ್ತಾಗಲಿಲ್ಲ. ಆಮೇಲೂ ಟ್ಯೂಬ್ ಆಂಪ್‌ಗಳ ಹೊಗಳಿಕೆ ಅಚ್ಚಾಗುತ್ತಲೇ ಇದೆ.

ಇಷ್ಟು ಓದಿಕೊಂಡ ಮೇಲೆ ನನಗೂ ಸುಮ್ನೆ ಇರಲಾಗಲಿಲ್ಲ. ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ, ಅಷ್ಟೇ ತಡೆ ಒಡ್ಡುವ ಪುಟ್ಟ ಬಿಡಿಭಾಗ, ಎರಡು 100 ಓಂ ರೆಸಿಸ್ಟರ್ ತಂದೆ. ಚಿಲ್ಲರೆ ಇಲ್ಲವೆಂದು ಅಂಗಡಿಯವರು ಜೊತೆಗೆ ಇನ್ನೂ ನಾಲ್ಕು ಕೊಟ್ಟರು. ಗೆಳೆಯರ ಹಳೇ ಟ್ರಾನ್ಸಿಸ್ಟರ್ ಆಂಪಿಗೂ ಹೆಡ್‌ಫೋನಿಗೂ ನಡುವೆ, ಕಿವಿಗೊಂದರಂತೆ ಸೇರಿಸಿದೆ. "ಕೇಳಿ, ಬೇಸ್ ಅದೇ ತರ ಉಬ್ಬಿದೆ ಅಲ್ವಾ?" ಎಂದೆ.

ಗೆಳೆಯರು ಕಣ್ಣು ಮುಚ್ಚಿ ಕೇಳಿದರು. ಮುಖ ಅರಳಿತು. ಹೆಡ್‌ಫೋನ್ ತೆಗೆದು ರೆಸಿಸ್ಟರನ್ನು ಎರಡು ಬೆರಳಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದರು.

"ಇದು ಯಾವ ಇಸ್ವಿದು? ಅರವತ್ತರ ದಶಕದ್ದು ಸಿಕ್ರೆ ಇನ್ನೂ ವಾರ್ಮ್ ಇರುತ್ತಲ್ವಾ?"