ಗೋಡೆ ಕಡೆಯ ಬಾಗಿಲು

ಕಪ್ಪು ಕಾರು ಬೇಡ ಅಂತ ಹೇಳಿದವರು ಬೇಕಾದಷ್ಟು ಜನ ಇದ್ದರು. ನಾನು ಕೇಳಬೇಕಲ್ಲ! ಶೋರೂಮಿನ ದೀಪದ ಕೆಳಗೆ ಅದು ಆಗ ತಾನೇ ನೀರಿನಿಂದ ಎದ್ದು ಬಂದ ಎಮ್ಮೆಯ ಹಾಗೆ ಮಿರಮಿರ ಮಿಂಚುತ್ತಿತ್ತು.

"ಬಿಳೀದು ತಗೊಳ್ಳೋಣ ರೀ, ಧೂಳು ಕೂತರೂ ಗೊತ್ತಾಗಲ್ಲ" ಅಂದಳು ಹೆಂಡತಿ.

"ಫೋರ್ಡ್ ಕಂಪನಿಯವರು 1914ರಿಂದ 1925ರವರೆಗೆ ಮಾಡೆಲ್ ಟಿ ಕಾರನ್ನು ಬರೀ ಕಪ್ಪು ಬಣ್ಣದಲ್ಲೇ ಮಾರಿದರು. ಕೊಂಡ ಅಷ್ಟೊಂದು ಜನ ಏನು ದಡ್ಡರಾ?"

"ಅವರಿಗೆ ಬೇರೆ ಬಣ್ಣ ಇರಲಿಲ್ಲ. ನಮಗಿದೆ."

ವಾದದಲ್ಲಿ ಅವಳು ಗೆದ್ದಳು. ಕಾರು ಮಾತ್ರ ಕಪ್ಪೇ ಬಂತು.

ಮೂರು ವರ್ಷ ನಾನು ಅದನ್ನು ನೋಡಿಕೊಂಡ ಹಾಗೆ ಯಾರೂ ನೋಡಿಕೊಂಡಿರಲಿಕ್ಕಿಲ್ಲ. ದಿನಾ ಬೆಳಿಗ್ಗೆ ಹಳೇ ಬನಿಯನ್ ಹಿಡಿದು ಹೋಗುವುದು, ರಾತ್ರಿಯೆಲ್ಲ ಕೂತ ಧೂಳನ್ನು ಗುಂಡಗುಂಡಗೆ ಉಜ್ಜಿ ಒರೆಸುವುದು. ನೀರು ಯಾಕೆ ಸುಮ್ನೆ ದಂಡ ಅಂತ ಒಣ ಬಟ್ಟೆಯಲ್ಲೇ.

ಒಂದು ರಾತ್ರಿ ಗೆಳೆಯನೊಬ್ಬ ಬಂದಿದ್ದ. ಕೆಳಗೆ ಬಿದ್ದ ಕೀ ಹುಡುಕಲು ಮೊಬೈಲ್ ಟಾರ್ಚ್ ಹಾಕಿದ. ಬೆಳಕು ಬಾನೆಟ್ ಮೇಲೆ ಬಿತ್ತು.

"ಏನೋ ಇದು, ಕಾರಿಗೆ ಜೇಡ ಬಲೆ ಕಟ್ಟಿದೆ?"

ನೋಡಿದರೆ ನಿಜಕ್ಕೂ ಬಲೆ. ಟಾರ್ಚ್ ಸುತ್ತ ಉಂಗುರ ಉಂಗುರವಾಗಿ ಸಣ್ಣ ಸಣ್ಣ ಎಳೆಗಳು. ಓಡಿಹೋಗಿ ಅದೇ ಬನಿಯನ್ ತಂದು ಒರೆಸಿದೆ. ಬಲೆ ಹೋಗಲಿಲ್ಲ. ಇನ್ನೂ ನಾಲ್ಕು ಎಳೆ ಸೇರಿರಬೇಕು.

ಆ ರಾತ್ರಿ ನಿದ್ದೆ ಬಿಟ್ಟು ವಿಡಿಯೋ ನೋಡಿದ ಮೇಲೆ ತಿಳಿಯಿತು, ಜೇಡ ನಾನೇ. ಧೂಳು ಅಂದರೆ ಸಣ್ಣ ಸಣ್ಣ ಕಲ್ಲು ತಾನೆ? ಒಣಗಿದ್ದಾಗ ಒರೆಸಿದರೆ ಮರಳು ಕಾಗದದಲ್ಲಿ ಉಜ್ಜಿದ ಹಾಗೇ. ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಒಂದು ಪಾರದರ್ಶಕ ಪದರ ಇರುತ್ತದೆ. ಗೀರೆಲ್ಲ ಬೀಳುವುದು ಅದರ ಮೇಲೆ. ತಮಾಷೆ ಎಂದರೆ ಗೀರುಗಳು ಗುಂಡಗಿರಲೇಬೇಕು ಅಂತಿಲ್ಲ, ಎಲ್ಲ ದಿಕ್ಕಿಗೂ ಇರುತ್ತವೆ. ಬೆಳಕಿಗೆ ಅಡ್ಡ ಬಿದ್ದವು ಮಾತ್ರ ಹೊಳೆಯುವುದರಿಂದ ದೀಪದ ಸುತ್ತ ಉಂಗುರದಂತೆ ಕಾಣುತ್ತವೆ. ಉಜ್ಜಿ ಉಜ್ಜಿ ಸವೆದ ಸ್ಟೀಲ್ ತಟ್ಟೆಯನ್ನು ಬಿಸಿಲಿಗೆ ಹಿಡಿದರೆ ಇದೇ ಆಟ. ಬಿಳಿ ಕಾರಿಗೂ ಇಷ್ಟೇ ಗೀರು ಬಿದ್ದಿರುತ್ತವೆ. ಆದರೆ ಅದು ಮೈಯೆಲ್ಲಾ ಬೆಳ್ಳಗಿರುವುದರಿಂದ ಗೀರಿನ ಹೊಳಪು ಅದರಲ್ಲೇ ಕಳೆದುಹೋಗುತ್ತದೆ. ಈ ವಿಷಯವನ್ನು ಮನೆಯಲ್ಲಿ ಹೇಳಲು ಹೋಗಲಿಲ್ಲ.

ಒಮ್ಮೆ ಕಂಡ ಮೇಲೆ ಕಾಣದೆ ಇರಲು ಸಾಧ್ಯವೇ? ಊಟ ಆದ ಮೇಲೆ ಟಾರ್ಚ್ ಹಿಡಿದು ಕಾರು ಸುತ್ತುವುದು ಅಭ್ಯಾಸವಾಯಿತು. ಪಕ್ಕದ ಮನೆಯವರು ಒಮ್ಮೆ ಕಿಟಕಿಯಿಂದ "ಯಾರದು?" ಅಂತ ಗದರಿದರು. "ನಾನೇ, ನಂದೇ ಕಾರು" ಅಂದೆ. ಅವರು ಪೂರ್ತಿ ನಂಬಿದಂತೆ ಕಾಣಲಿಲ್ಲ.

ಮೊದಲ ಚಿಕಿತ್ಸೆ ಟೂತ್‌ಪೇಸ್ಟ್. ಅದರಲ್ಲೂ ಉಜ್ಜುವ ಪುಡಿ ಇರುತ್ತದೆ, ನಿಜ. ಆದರೆ ಹಲ್ಲು ಬೇರೆ, ಬಾನೆಟ್ ಬೇರೆ. ಅಂಗೈ ಅಗಲದ ಜಾಗ ಮಂಕಾಯಿತು, ಮೂರು ದಿನ ಪುದೀನ ವಾಸನೆ ಬಂತು.

ಎರಡನೆಯದು ಗ್ಲೇಜ್. ಇದೊಂದು ಮಾಯೆ. ಇದರಲ್ಲಿರುವ ಎಣ್ಣೆ, ಫಿಲ್ಲರ್‌ಗಳು ಗೀರಿನೊಳಗೆ ಇಳಿದು ಕೂತುಬಿಡುತ್ತವೆ. ಗೀರು ಎಲ್ಲೂ ಹೋಗಿರುವುದಿಲ್ಲ, ಮುಖದ ಗುಳಿಗೆ ಪೌಡರ್ ಮೆತ್ತಿದ ಹಾಗೆ ಮುಚ್ಚಿಕೊಂಡಿರುತ್ತದೆ, ಅಷ್ಟೇ. ಹಚ್ಚಿ ಒರೆಸಿದೆ, ಫೋಟೋ ತೆಗೆದು ಗೆಳೆಯನಿಗೆ ಕಳಿಸಿದೆ. "ಹೊಸ ಕಾರಾ?" ಅಂತ ಕೇಳಿದ. ಆ ಒಂದು ಮಾತಿನಲ್ಲಿ ವಾರವಿಡೀ ತೇಲಾಡಿದೆ. ಮೂರನೇ ಸಲ ತೊಳೆದಾಗ ಬಲೆ ವಾಪಸು ಬಂತು. ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ಕಾರು ತೊಳೆಯುತ್ತಿದ್ದೆ ನೋಡಿ, ಜಿಡ್ಡು ತೆಗೆಯುವುದೇ ಅದರ ಕೆಲಸ. ಗ್ಲೇಜನ್ನೂ ಜಿಡ್ಡು ಅಂತಲೇ ತಿಳಿದು ತೆಗೆದುಹಾಕಿತು.

ಸರಿ, ಮುಚ್ಚಿಡೋದು ಬೇಡ, ತೆಗೆದೇಬಿಡೋಣ ಅಂತ ಪಾಲಿಶಿಂಗ್ ಮಷಿನ್ ತರಿಸಿದೆ. ಪಾಲಿಶ್ ಅಂದರೆ ಏನೋ ಹಚ್ಚಿ ಗೀರು ತುಂಬೋದು ಅಂದುಕೊಂಡಿದ್ದೆ. ಅಲ್ಲವಂತೆ. ಗೀರಿನ ಸುತ್ತಲಿನ ಪದರವನ್ನೇ ಸವೆಸಿ ಗೀರಿನ ತಳಕ್ಕೆ ಸಮ ಮಾಡುವುದಂತೆ. ಕುರ್ಚಿಯ ಒಂದು ಕಾಲು ಗಿಡ್ಡ ಅಂತ ಉಳಿದ ಮೂರನ್ನೂ ಕತ್ತರಿಸಿದ ಹಾಗಾಯಿತು ಅಲ್ವಾ! ಅದೂ ಎಷ್ಟು ದಪ್ಪದ ಪದರ? ಸಾಮಾನ್ಯವಾಗಿ 40-50 ಮೈಕ್ರಾನ್. ತಲೆಗೂದಲು ಸುಮಾರು 70 ಮೈಕ್ರಾನ್ ಇರುತ್ತದೆ. ನನಗೆ ಕೂದಲು ಉಳಿಸಿಕೊಳ್ಳಲೇ ಆಗಿಲ್ಲ, ಅದಕ್ಕಿಂತ ತೆಳ್ಳಗಿನದನ್ನು ಉಳಿಸಿಕೊಳ್ಳಬೇಕಿತ್ತು.

ಎರಡು ಬಕೆಟ್ ಇಟ್ಟುಕೊಂಡು ತೊಳೆದೆ, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಆಮೇಲೆ ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಕಾರಿನ ಮೈ ಸವರಬೇಕು, ಬರಿಗೈಗೆ ಗೊತ್ತಾಗದ ತರಿತರಿ ಕವರಿನಲ್ಲಿ ಗೊತ್ತಾಗುತ್ತದೆ. ಕಣ್ಣು ಮುಚ್ಚಿಕೊಂಡು ಸವರುತ್ತಿದ್ದೆ. ಕಣ್ಣು ಬಿಟ್ಟರೆ ಪಕ್ಕದ ಮನೆಯವರು. ಏನೂ ಕೇಳದೆ ಒಳಗೆ ಹೋದರು. ತರಿ ತೆಗೆಯಲು ಕ್ಲೇ ಅಂತ ಜೇಡಿಮಣ್ಣಿನ ಹಾಗಿನ ಉಂಡೆ ಬರುತ್ತದೆ. ಕೆಳಗೆ ಬಿದ್ದರೆ ಮತ್ತೆ ಮುಟ್ಟಬಾರದು, ಕಲ್ಲು ಮೆತ್ತಿಕೊಂಡಿರುತ್ತದೆ. ಹತ್ತು ನಿಮಿಷದಲ್ಲಿ ಬಿತ್ತು.

ಇನ್ನು ಮಷಿನ್. ಪ್ಯಾಡಿನ ಮೇಲೆ ನಾಲ್ಕು ಹನಿ ಪಾಲಿಶ್ ಹಾಕಬೇಕು, ಪ್ಯಾಡನ್ನು ಬಾನೆಟ್‌ಗೆ ಒತ್ತಬೇಕು, ಆಮೇಲೆ ಸ್ವಿಚ್. ನಾನು ಸ್ವಿಚ್ ಮೊದಲು ಹಾಕಿದೆ. ನಾಲ್ಕು ಹನಿಯಲ್ಲಿ ಇಷ್ಟೊಂದು ಇತ್ತಾ ಅನ್ನುವ ಹಾಗೆ ಗೋಡೆ, ನನ್ನ ಕನ್ನಡಕ, ತಂತಿಯ ಮೇಲಿದ್ದ ಬಟ್ಟೆ, ಆ ಬಟ್ಟೆ ತೆಗೆಯಲು ಬಂದಿದ್ದ ಹೆಂಡತಿ, ಎಲ್ಲದರ ಮೇಲೂ ಬಿಳಿ ಚುಕ್ಕೆ. ಅವಳು ಕೆನ್ನೆ ಒರೆಸಿಕೊಂಡು "ಬಿಳೀದು ತಗೊಂಡಿದ್ದರೆ ಇದೂ ಗೊತ್ತಾಗ್ತಿರಲಿಲ್ಲ" ಅಂದಳು.

ಬಿಸಿಲಲ್ಲಿ ಶುರು ಮಾಡಿದ್ದು ಇನ್ನೊಂದು ತಪ್ಪು. ಕಾದ ತಗಡಿನ ಮೇಲೆ ಪಾಲಿಶ್ ಒಣಗಿ ಗಟ್ಟಿಯಾಯಿತು. ಕಾರನ್ನು ನೆರಳಿಗೆ ತಳ್ಳಿ, ಅಂಚುಗಳಿಗೆ ಟೇಪ್ ಅಂಟಿಸಿ (ಅಲ್ಲಿ ಪದರ ಬೇಗ ಸವೆಯುತ್ತದೆ), ಎರಡಡಿ ಎರಡಡಿ ಜಾಗ ಹಿಡಿದು ಉದ್ದ ಒಮ್ಮೆ, ಅಡ್ಡ ಒಮ್ಮೆ ನಿಧಾನಕ್ಕೆ ಮಷಿನ್ ಓಡಿಸಿದೆ. ಬಾನೆಟ್ ಒಂದಕ್ಕೇ ಮೂರು ಗಂಟೆ ಹಿಡಿಯಿತು. ಉಗುರಿಗೆ ಸಿಗುವಷ್ಟು ಆಳದ ಎರಡು ಗೀರು ಹಾಗೇ ಉಳಿದವು, ಅಂಥವನ್ನು ತೆಗೆಯಲು ಹೋದರೆ ಪದರವೇ ಕೈಕೊಡುತ್ತದೆ. ಉಳಿದ ಬಲೆಯೆಲ್ಲ ಮಾಯ. ಟಾರ್ಚ್ ಹಿಡಿದರೆ ಒಂದೇ ಒಂದು ಚುಕ್ಕೆ ಬೆಳಕು, ಬಾವಿಯಲ್ಲಿ ನಕ್ಷತ್ರ ಕಂಡ ಹಾಗೆ. ನಿಜ ಹೇಳುತ್ತೇನೆ, ಗಂಟಲು ಕಟ್ಟಿತು.

ಮೇಲೆ ಕಾರ್ನೂಬಾ ವ್ಯಾಕ್ಸ್ ಹಚ್ಚಿದೆ. ಬ್ರೆಜಿಲ್‌ನ ಒಂದು ಜಾತಿಯ ತಾಳೆ ಮರದ ಎಲೆಯಿಂದ ತೆಗೆಯುವ ಮೇಣ ಅದು. ಉತ್ಸಾಹದಲ್ಲಿ ಕರೀ ಪ್ಲಾಸ್ಟಿಕ್ ಪಟ್ಟಿಗಳಿಗೂ ಬಳಿದೆ. ಅವು ಬೆಳ್ಳಗೆ ಬಿಳಿಚಿಕೊಂಡವು. ಮಗಳ ಪೆನ್ಸಿಲ್ ರಬ್ಬರ್ ಕದ್ದು ಒಂದು ಸಂಜೆಯೆಲ್ಲ ಕೂತು ಅಳಿಸಿದೆ.

ಹೀಗೆ ನಾಲ್ಕು ಭಾನುವಾರ ಹೋಯಿತು. ಬಾನೆಟ್ ಆಯಿತು, ಟಾಪ್ ಆಯಿತು, ಬಲಗಡೆ ಪೂರ್ತಿ ಆಯಿತು. ಎಡಗಡೆ ಅರ್ಧಕ್ಕೆ ಬಂದಾಗ ಸೊಂಟ ಹಿಡಿದುಕೊಂಡಿತು. ಹಿಂದಿನ ಎಡ ಬಾಗಿಲು ಮಾತ್ರ ಹಾಗೇ ಉಳಿದಿದೆ, ಬಲೆ ಸಮೇತ.

ಅದಕ್ಕೇ ಈಗ ಎಲ್ಲಿ ಹೋದರೂ ಎಡಗಡೆಯನ್ನು ಗೋಡೆಗೆ ಒತ್ತಿಯೇ ಕಾರು ನಿಲ್ಲಿಸುತ್ತೇನೆ. ಪಕ್ಕದ ಸೀಟಿನ ಹೆಂಡತಿ ಗೇರ್ ದಾಟಿ, ಸ್ಟೀರಿಂಗ್ ಕೆಳಗೆ ನುಸುಳಿ ನನ್ನ ಬಾಗಿಲಿನಿಂದ ಇಳಿಯಬೇಕು. ಮೊನ್ನೆ ಅರ್ಧ ದಾಟಿದವಳು ಅಲ್ಲೇ ನಿಂತು ಕೇಳಿದಳು.

"ರೀ, ಆ ಒಂದು ಬಾಗಿಲು ಮಾಡಿ ಮುಗಿಸಬಾರದಾ?"

"ಮಾಡ್ತೀನಿ. ಮೇಲೆ ಧೂಳಿದೆ, ಮೊದಲು ತೊಳೀಬೇಕು."

"ಧೂಳು ತಾನೆ? ಬನಿಯನ್ ಕೊಡ್ಲಾ?"